ಮನೆಗೆ ಬೆಂಕಿ ಬಿದ್ದಾಗ ಮೈ ಸುಡುವುದೇಕೆ?
(ಬೆಳೆಗಾರ ಸಭಾಸದರ ಮುಂದೆ ಮಾಡಿದ ಭಾಷಣ)



ಕಬ್ಬಿನ ಹೊಲಕ್ಕೆ ಬೆಂಕಿ ಬಿದ್ದರೆ ಊರಿಗೆ ಊರೇ ಓಡಿ ಬರುತ್ತದೆ. ಮನೆಯೊಳಗಿನ ಬೆಂಕಿ ಹಾಗಲ್ಲ. ಜನ ಸೇರುವ ಮೊದಲೇ ಆಗಬಾರದ್ದು ಆಗಿರುತ್ತದೆ. ಗಾಬರಿಯಲ್ಲಿ ನಾವು ಮಾಡುವ ಕೆಲಸದಿಂದಲೇ ಅನೇಕ ಗಾಯಗಳಾಗುತ್ತವೆ ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಅಡಿಗೆಮನೆ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಕೈ ತಾನಾಗಿ ನೀರಿನ ಕೊಡದತ್ತ ಹೋಗುತ್ತದೆ. ನೀರು ಬಿದ್ದೊಡನೆ ಆವಿಯಾಗಿ, ಉರಿಯುವ ಎಣ್ಣೆಯನ್ನು ಮುಖಕ್ಕೆ ಎರಚುತ್ತದೆ. ಒಲೆ ಆರಿಸಿರಿ, ಬಾಣಲೆಯ ಮೇಲೆ ತಾಟು ಮುಚ್ಚಿರಿ. ಅದನ್ನು ಎತ್ತಿಕೊಂಡು ಓಡಬೇಡಿರಿ.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಹಳ್ಳಿಯ ಬಡವರ ಮನೆಗಳಿಗೂ ಗ್ಯಾಸ್ ಬಂದಿದೆ. ಅದು ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ವಾಸನೆ ಬಂದಾಗ ದೀಪದ ಬಟನ್ ಮುಟ್ಟಬೇಡಿರಿ. ಅದರ ಕಿಡಿಯೇ ಸಾಕು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿರಿ.

ಎರಡನೆಯದು ಬಟ್ಟೆ. ನೈಲಾನ್, ಪಾಲಿಸ್ಟರ್ ಸೀರೆಯ ಸೆರಗಿಗೆ ಕಿಡಿ ತಾಗಿದರೆ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಓಡಿದರೆ ಗಾಳಿಗೆ ಉರಿ ಏರುತ್ತದೆ. ಅಲ್ಲೇ ನೆಲಕ್ಕೆ ಬಿದ್ದು ಹೊರಳಬೇಕು. ಪಕ್ಕದವರು ದಪ್ಪ ಉಣ್ಣೆಯ ಕಂಬಳಿ ಹೊದಿಸಬೇಕು.

ಮೂರನೆಯದು ಹೊಗೆ. ಇಚಲಕರಂಜಿಯಲ್ಲಿ ಮನೆಗೆ ಹತ್ತಿಕೊಂಡೇ ಮಗ್ಗದ ಶೆಡ್ಡುಗಳಿವೆ. ನೂಲಿನ ರಾಶಿಗೆ ಬೆಂಕಿ ತಾಗಿದರೆ ಹೊಗೆ ಮನೆಯನ್ನೆಲ್ಲ ತುಂಬುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಎಚ್ಚರವಾಗದೆ ಸಾಯಬಹುದು. ಬಗ್ಗಿ, ತೆವಳುತ್ತ ಹೊರಗೆ ಬನ್ನಿರಿ. ಬಂದ ಮೇಲೆ ಬಂಗಾರಕ್ಕೆಂದೋ ಕಾಗದಪತ್ರಕ್ಕೆಂದೋ ತಿರುಗಿ ಒಳಗೆ ಹೋಗಬೇಡಿರಿ. 101ಕ್ಕೆ ತಿಳಿಸಿರಿ.

ಸುಟ್ಟ ಗಾಯಕ್ಕೆ ಶಾಯಿ, ತುಪ್ಪ, ಅರಿಶಿಣ, ಟೂತ್‌ಪೇಸ್ಟ್ ಯಾವುದೂ ಬೇಡ. ಬಳೆ, ಉಂಗುರ ಕೂಡಲೇ ತೆಗೆದು 20 ನಿಮಿಷ ತಣ್ಣೀರು ಸುರಿಯಿರಿ, ಮಂಜುಗಡ್ಡೆ ಇಡಬೇಡಿರಿ. ಅಂಟಿದ ಬಟ್ಟೆ ಕೀಳಬೇಡಿರಿ. ಆಮೇಲೆ ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆಯೋ ಕೊಲ್ಲಾಪುರದ ಸಿ.ಪಿ.ಆರ್. ಆಸ್ಪತ್ರೆಯೋ, ಹತ್ತಿರವಿದ್ದಲ್ಲಿಗೆ ಒಯ್ಯಿರಿ. ಗಾಡಿಗೆ 108 ಇದೆ.

ಕೊನೆಯ ಮಾತು. ಹಂಗಾಮಿನಲ್ಲಿ ಬೀಡ ಕಡೆಯಿಂದ ನಮ್ಮ ಕಬ್ಬು ಕಡಿಯಲು ಬರುವವರು ರವದಿಯ ಗುಡಿಸಲಿನಲ್ಲಿ ಇರುತ್ತಾರೆ. ತಂದೆತಾಯಿ ಹೊಲಕ್ಕೆ ಹೋದಾಗ ಕೂಸುಗಳು ಒಳಗೆ ಮಲಗಿರುತ್ತವೆ. ಒಲೆಯನ್ನು ಗುಡಿಸಲಿನಿಂದ ದೂರ ಹೂಡಲು ಜಾಗ ತೋರಿಸಿರಿ, ಗುಡಿಸಲುಗಳ ನಡುವೆ ಅಂತರ ಬಿಡಿಸಿರಿ, ಒಂದು ಬ್ಯಾರಲ್ ನೀರು ತುಂಬಿಡಿಸಿರಿ. ಜಾಗ ನಮ್ಮದು, ಆದ್ದರಿಂದ ಈ ಹೊಣೆಯೂ ನಮ್ಮದೇ.