ಮನೆಯ ಪುಸ್ತಕಗಳನ್ನು ವಿಂಗಡಿಸುವಾಗ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ವೇದಿಕೆ ಹತ್ತಿದವನು ಪಂಪನಿಂದ ಹೊರಟು ಬೇಂದ್ರೆಯವರ ತನಕ ಬಂದು ಇಳಿಯಬೇಕೆಂಬುದು ನಮ್ಮಲ್ಲಿ ಒಂದು ರೂಢಿ. ಆ ಕೆಲಸಕ್ಕೆ ನನಗಿಂತ ಯೋಗ್ಯರಾದವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ನಾನು ಮಾತನಾಡಹೊರಟಿರುವುದು ನಮ್ಮ ನಿಮ್ಮ ಮನೆಗಳ ಅಟ್ಟದ ಮೇಲೆ, ಮಂಚದ ಕೆಳಗೆ, ಹಳೆಯ ಟ್ರಂಕುಗಳಲ್ಲಿ ಬಿದ್ದಿರುವ ಕನ್ನಡವನ್ನು ಕುರಿತು.

ನಾವಿರುವ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವುದೆಂದು ಸೊಸೈಟಿಯಲ್ಲಿ ತೀರ್ಮಾನವಾಗಿದೆ. ಮುಂಬಯಿಯಲ್ಲಿ ಇದೀಗ ಮನೆಮನೆಯ ಕಥೆ. ಹೊಸ ಕಟ್ಟಡ ಏಳುವತನಕ ಬಾಡಿಗೆ ಮನೆ. ಆ ಮನೆಗೆ ಅಟ್ಟವಿಲ್ಲ. ಆದ್ದರಿಂದ ಎರಡು ತಿಂಗಳಿಂದ ರಾತ್ರಿ ಊಟವಾಗಿ ಮೇಜು ಒರೆಸಿದ ಮೇಲೆ, ಮರುದಿನದ ಡಬ್ಬಿಗೆ ಕಾಯಿಪಲ್ಯ ಹೆಚ್ಚಲು ಅದೇ ಮೇಜು ಬೇಕಾಗುವ ಮೊದಲು, ನಡುವೆ ಸಿಗುವ ಒಂದು ಗಂಟೆ ನನ್ನ ಪಾಲಿಗೆ. ಮೂರು ತಲೆಮಾರಿನ ಕಾಗದವನ್ನು ಆ ಒಂದು ಗಂಟೆಯಲ್ಲಿ ತೆಗೆದು ನೋಡಿ ಮತ್ತೆ ಎತ್ತಿಡುತ್ತೇನೆ. "ಅಲ್ರೀ, ದಿನಾ ಹತ್ತು ಹೊರಗ ತೆಗೀತೀರಿ, ಹನ್ನೊಂದು ಒಳಗ ಇಡ್ತೀರಿ. ಇದು ಯಾವ ಲೆಕ್ಕ?" ಎಂದು ಮನೆಯವರು ಕೇಳಿದರು. ನ್ಯಾಯವಾದ ಪ್ರಶ್ನೆ.

ಹೊರಗೆ ಹೋಗದಿರುವುದಕ್ಕೆ ಕಾರಣವಿಲ್ಲದೆ ಇಲ್ಲ. ಅಜ್ಜನ ಕಾಲದ ಗಳಗನಾಥರ ಕಾದಂಬರಿಗಳು ನಮ್ಮಲ್ಲಿವೆ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅವರು ಹೊತ್ತು ತಂದದ್ದನ್ನು ರದ್ದಿಯವನ ತಕ್ಕಡಿಗೆ ಹಾಕಲು ಕೈ ಬರುವುದಿಲ್ಲ. 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಗೆ ನಮ್ಮ ತಂದೆಯವರು ಚಂದಾದಾರರು. ಧಾರವಾಡದಿಂದ ಅಂಚೆಯಲ್ಲಿ ಬಂದ ಆ ಪುಸ್ತಕಗಳು ಒಂದು ಪೆಟ್ಟಿಗೆ ತುಂಬ ಇವೆ. ತಾಯಿಯವರು ಕೂಡಿಟ್ಟ ತ್ರಿವೇಣಿಯವರ ಕಾದಂಬರಿಗಳಿವೆ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಡತೊಡಗಿದ 'ಕಸ್ತೂರಿ'ಯ ಹಳೆಯ ಸಂಚಿಕೆಗಳು ರಟ್ಟು ಕಟ್ಟಿಸಿಕೊಂಡು ಕುಳಿತಿವೆ. ರಟ್ಟು ಕಟ್ಟುವವನು ಜಾಹೀರಾತಿನ ಹಾಳೆಗಳನ್ನು ಕಿತ್ತು ಕಟ್ಟಿದ್ದಾನೆ. ಈಗ ನೋಡಬೇಕೆನ್ನಿಸುವುದು ಆ ಜಾಹೀರಾತುಗಳನ್ನೇ!

ಆದರೂ ಅಚ್ಚಾದ ಪುಸ್ತಕಗಳ ವಿಷಯದಲ್ಲಿ ನನ್ನ ಮನಸ್ಸು ನಿಧಾನವಾಗಿ ಗಟ್ಟಿಯಾಗಿದೆ. ಕಾರಂತರ 'ಮರಳಿ ಮಣ್ಣಿಗೆ' 1941ರಲ್ಲಿ ಬಂದ ಮೇಲೆ ಎಷ್ಟೋ ಸಲ ಅಚ್ಚಾಗಿದೆ. ನನ್ನ ಮನೆಯ ಪ್ರತಿ ಹೋದರೆ ಕಾರಂತರಿಗೆ ನಷ್ಟವಿಲ್ಲ, ಕನ್ನಡಕ್ಕೂ ಇಲ್ಲ. ಲೇಖಕರು ತೀರಿಹೋದ ವರ್ಷ ಕಳೆದು 60 ವರ್ಷಗಳಾದರೆ, ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕಿನ ಅವಧಿ ನಮ್ಮ ದೇಶದಲ್ಲಿ ಮುಗಿಯುತ್ತದೆ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ಅಂಥ ಅವರ ಕೃತಿಗಳನ್ನು 2024ರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು, ಅಂತರ್ಜಾಲಕ್ಕೆ ಏರಿಸಬಹುದು. ಇಂಥ ಪುಸ್ತಕಗಳನ್ನು ಓದುವವರು ಕಂಡರೆ ಸಂತೋಷದಿಂದ ಕೊಟ್ಟುಬಿಡಿ. ಗಾಜಿನ ಕಪಾಟಿನಲ್ಲಿ ಬೀಗ ಹಾಕಿಟ್ಟು, ಬಂದವರಿಗೆ ಬೆನ್ನು ಮಾತ್ರ ತೋರಿಸುವುದು ಪುಸ್ತಕಪ್ರೇಮವೆಂದು ನನಗೆ ತೋರುವುದಿಲ್ಲ.

ಕೈ ತಡೆಯಬೇಕಾದದ್ದು ಬೇರೆಡೆ. ನಾಟಕದ ಕರಪತ್ರ, ನಾಡಹಬ್ಬದ ಆಮಂತ್ರಣ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹುಡುಗನ ಅಂಕಪಟ್ಟಿ, ಮಹಾನಗರಪಾಲಿಕೆಯ ಕನ್ನಡ ಶಾಲೆಯ ಒಂದು ಗುಂಪು ಚಿತ್ರ, ಊರಿನಿಂದ ಬಂದ ಪೋಸ್ಟ್‌ಕಾರ್ಡು, ಇವುಗಳಿಗೆ ಎರಡನೆಯ ಮುದ್ರಣವಿಲ್ಲ. ಇಂದು ನಿಮ್ಮ ಕೈಗೆ ಬರಲಿರುವ ಇಂಥ ಸ್ಮರಣ ಸಂಚಿಕೆಯನ್ನೇ ನೋಡಿ. ನಾಳೆ ಮೇಜಿನ ಮೇಲೆ ಇರುತ್ತದೆ, ನಾಡಿದ್ದು ಡಬ್ಬಿಯ ತಳದ ಹಾಸಾಗುತ್ತದೆ. ನನ್ನ ಟ್ರಂಕಿನಲ್ಲಿ ಸಿಕ್ಕ ಹಳೆಯ ಸಂಚಿಕೆಗಳಲ್ಲಿ ಪದ್ಯಗಳಿಗಿಂತ ಹೆಚ್ಚು ಹೊತ್ತು ನಾನು ಓದಿದ್ದು ಕೊನೆಯ ಪುಟಗಳನ್ನು: ಯಾವ ಉಡುಪಿ ಹೋಟೆಲಿನವರು ಜಾಹೀರಾತು ಕೊಟ್ಟರು, ನಾಟಕದಲ್ಲಿ ಸ್ತ್ರೀಪಾತ್ರ ಯಾರದು, ಐದು ರೂಪಾಯಿ ದೇಣಿಗೆ ಕೊಟ್ಟ ಗುಮಾಸ್ತರ ಹೆಸರೇನು. ಅವುಗಳಲ್ಲಿ ನಮ್ಮ ರಾಜ್ಯ 'ಮೈಸೂರು' ಎಂದೇ ಇದೆ. 1956ರ ನವೆಂಬರ್ 1ರಂದು ಒಂದಾದ ನಾಡಿಗೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಈ ಊರಿನಲ್ಲಿ ಕನ್ನಡಿಗರು ಹೇಗೆ ಬಾಳಿದರೆಂದು ಮುಂದೆ ಯಾರಾದರೂ ಬರೆಯಹೊರಟರೆ ಅವರಿಗೆ ಬೇಕಾಗುವುದು ಈ ಪುಟಗಳೇ. ಅವು ಬೆಂಗಳೂರಿನಲ್ಲಿ ಸಿಗಲಾರವು; ಇದ್ದರೆ ನಮ್ಮ ಮಂಚದ ಕೆಳಗೆ ಇರಬೇಕು.

ಈ ಕೆಲಸದ ಅವಸರ ನನಗೆ ಅರ್ಥವಾದದ್ದು ಒಂದು ಬಟ್ಟೆಯ ಗಂಟಿನಿಂದ. ನಮ್ಮ ಅಜ್ಜ ಕುಲಕರ್ಣಿಕೆ ಮಾಡಿದವರು. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಸೀಮೆಯಲ್ಲಿ ಆ ಕಾಲದ ಎಷ್ಟೋ ಮಂದಿ ಲೆಕ್ಕಪತ್ರವನ್ನು ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದರು. ಅಜ್ಜನ ಗಂಟಿನಲ್ಲಿರುವುದೆಲ್ಲ ಮೋಡಿ. ತಂದೆಯವರು ಅಲ್ಪಸ್ವಲ್ಪ ಓದುತ್ತಿದ್ದರು. ನನಗೆ ಒಂದಕ್ಷರ ತಿಳಿಯದು. ಹೊಲದ ಪತ್ರವೋ, ಸಾಲದ ಚೀಟಿಯೋ ಎಂದು ನಲವತ್ತು ವರ್ಷ ಭಕ್ತಿಯಿಂದ ಕಾಯ್ದಿಟ್ಟೆವು. ಮೋಡಿ ಓದಬಲ್ಲವರು ಪುಣೆ ಮುಂಬಯಿಗಳಲ್ಲಿ ಇಂದಿಗೂ ಇದ್ದಾರೆ. ಈ ಸಲ ಅಂಥ ಒಬ್ಬ ಹಿರಿಯರ ಮುಂದೆ ಗಂಟು ಬಿಚ್ಚಿದೆ. ಅವರು ಕನ್ನಡಕ ಏರಿಸಿ ಮೇಲಿನ ಹಾಳೆಯನ್ನು ಓದಿದರು. ಹೊಲವಲ್ಲ, ಸಾಲವಲ್ಲ, ನಮ್ಮ ಅತ್ತೆಯ, ಎಂದರೆ ತಂದೆಯವರ ಅಕ್ಕನ, ಮದುವೆಗೆ ಯಾರ ಯಾರ ಮನೆಯಿಂದ ಎಷ್ಟು ಹಿತ್ತಾಳೆ ಪಾತ್ರೆ ತಂದದ್ದು ಎಂಬ ಪಟ್ಟಿ! ಇಂಥವರ ಮನೆಯ ಹಂಡೆ ಎರಡು, ಕೊಳಗ ಒಂದು, ತಿರುಗಿ ಮುಟ್ಟಿತು. ಒಂದು ಕೊಳಗದ ಮುಂದೆ ಮಾತ್ರ 'ಮುಟ್ಟಿತು' ಎಂಬ ಮಾತಿಲ್ಲ. ಅದು ಯಾರ ಮನೆಯದೋ, ಇನ್ನೂ ನಮ್ಮ ಮೇಲೆ ಬಾಕಿ ಇದೆಯೋ ಏನೋ.

ಅಂದು ಮನೆಗೆ ಬಂದು ಮೇಜಿನ ಮೇಲೆ ತಾಯಿಯವರ ಪತ್ರಗಳನ್ನು ಹರವಿಕೊಂಡಾಗ ಮಗಳು ಪಕ್ಕದಲ್ಲಿ ಬಂದು ಕುಳಿತಳು. ಅವಳು ಮನೆಯಲ್ಲಿ ಸೊಗಸಾಗಿ ಕನ್ನಡ ಆಡುತ್ತಾಳೆ, ಓದುವುದಿಲ್ಲ. "ಅಪ್ಪಾ, ಇದರಾಗ ಅಜ್ಜಿ ಏನ್ ಬರದಾಳ?" ಎಂದಳು. ಮೋಡಿ ನನಗೆ ಏನಾಗಿತ್ತೋ ಕನ್ನಡದ ಅಕ್ಷರ ಅವಳಿಗೆ ಅದೇ ಆಗಿದೆ. ನನಗೆ ಓದಿಹೇಳಲು ಒಬ್ಬ ಹಿರಿಯರು ಸಿಕ್ಕರು. ಅವಳು ನನ್ನ ವಯಸ್ಸಿಗೆ ಬಂದಾಗ ಯಾರನ್ನು ಹುಡುಕಿಕೊಂಡು ಹೋಗಬೇಕು? ಅಂದಿನಿಂದ ನನ್ನ ಒಂದು ಗಂಟೆಯ ಕೆಲಸದ ರೀತಿ ಬದಲಾಯಿತು. ನಾನು ಓದುತ್ತೇನೆ, ಅವಳು ಫೋನಿನಲ್ಲಿ ನನ್ನ ದನಿಯನ್ನು ಹಿಡಿದಿಡುತ್ತಾಳೆ. ಆಮೇಲೆ ಪತ್ರವನ್ನು ಲಕೋಟೆಗೆ ಹಾಕಿ, ಯಾರು ಯಾರಿಗೆ ಬರೆದದ್ದು, ಎಂದಿನದು ಎಂದು ಮೇಲೆ ಬರೆಯುತ್ತೇವೆ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ.

ರಾಜ್ಯೋತ್ಸವದ ವೇದಿಕೆಯಲ್ಲಿ ನಿಂತು ಇಂಗ್ಲಿಷಿನಲ್ಲಿ ಚೀಟಿ ಬರೆಯಿರಿ ಎನ್ನುವುದು ಅಪಚಾರದಂತೆ ಕೇಳಿಸೀತು. ಮಕ್ಕಳಿಗೆ ಕನ್ನಡ ಕಲಿಸಬೇಕು, ಕಲಿಸೋಣ. ಸಂಘದ ತರಗತಿಗೆ ನನ್ನ ಮಗಳೂ ಹೆಸರು ಕೊಟ್ಟಿದ್ದಾಳೆ. ಆದರೆ ಅವಳು ಅಜ್ಜಿಯ ಕೂಡಕ್ಷರ ಓದುವಷ್ಟು ಕಲಿಯುವತನಕ ಲಕೋಟೆ ರದ್ದಿಯಾಗದೆ ಉಳಿಯಬೇಕಲ್ಲ? ಏನೆಂದು ತಿಳಿಯದ ಕಾಗದವನ್ನು ಯಾವ ಸೊಸೆಯೂ ಅಳಿಯನೂ ಎರಡು ಸಲ ಮನೆ ಬದಲಿಸುವಾಗ ಹೊತ್ತೊಯ್ಯುವುದಿಲ್ಲ. ಅವರನ್ನು ದೂರುವಂತಿಲ್ಲ.

ಇನ್ನು ಕಾಗದದ ಆರೋಗ್ಯದ ಮಾತು. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ; ಅದು ಒಳಗಿನಿಂದಲೇ ಹಳದಿಯಾಗಿ ಹಪ್ಪಳದಂತೆ ಮುರಿಯುತ್ತದೆ. ಹರಿದ ಕಡೆ ಸೆಲೋಟೇಪು ಹಚ್ಚಬೇಡಿ. ಅಂಟು ಕಂದಾಗಿ ಅಕ್ಷರವನ್ನೇ ನುಂಗುತ್ತದೆ. ತುಕ್ಕು ಹಿಡಿಯುವ ಪಿನ್ನುಗಳನ್ನು ಮೆಲ್ಲಗೆ ತೆಗೆಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ನಮ್ಮ ಮಳೆಗಾಲದ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ಹಳೆಯ ಹತ್ತಿಯ ಸೀರೆಯ ತುಂಡು ಮೇಲು. ನೆಲದ ಮೇಲಂತೂ ಇಡಲೇಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ನೀರಿಳಿದ ಮೇಲೆ ನೆಲಮಾಳಿಗೆಯ ಮನೆಗಳವರು ಕೆಸರಿನೊಂದಿಗೆ ಏನೇನು ಹೊರಗೆ ಹಾಕಬೇಕಾಯಿತೆಂಬುದೂ ನೆನಪಿರಬೇಕು.

ಜನವರಿಯಲ್ಲಿ ನಾವು ಮನೆ ಬಿಡಬೇಕು. ನನಗೆ ಇನ್ನೂ ಎರಡು ಟ್ರಂಕು ಬಾಕಿ ಇವೆ. ಕಾರ್ಯದರ್ಶಿಗಳು ದೊಡ್ಡ ಮನಸ್ಸು ಮಾಡಿ ಭಾನುವಾರಗಳ ಮಧ್ಯಾಹ್ನ ಸಂಘದ ವಾಚನಾಲಯದ ಉದ್ದನೆಯ ಮೇಜನ್ನು ಬಿಟ್ಟುಕೊಡಲು ಒಪ್ಪಿದ್ದಾರೆ. ನಿಮ್ಮ ಗಂಟುಗಳನ್ನು ತನ್ನಿರಿ. ಓದಬಲ್ಲ ಹಿರಿಯರನ್ನೂ, ಓದಲಾರದ ಮಕ್ಕಳನ್ನೂ ಜೊತೆಗೆ ಕರೆತನ್ನಿರಿ. ಲಕೋಟೆ, ಪೆನ್ಸಿಲು ಅಲ್ಲಿಯೇ ಇರುತ್ತವೆ. ಚಹಾ ಮಾತ್ರ ಇನ್ನೊಂದು ಮೇಜಿನ ಮೇಲೆ.