ಕಥೆಗಾರನೂ ಅವನ ವಾಚಕನೂ
(ಹೂಟಗಳ್ಳಿಯಲ್ಲಿ ಸ್ವಂತ ಖರ್ಚಿನಿಂದ ಪುಸ್ತಕ ಪ್ರಕಟಿಸುವ ಕಥೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ತಾವು ಕಾದಂಬರಿಯನ್ನೂ ಸಣ್ಣ ಕಥೆಯನ್ನೂ ಬರೆದು, ಪ್ರಕಾಶಕರ ಹಂಗಿಲ್ಲದೆ ಸ್ವಂತ ಹಣದಿಂದ ಅಚ್ಚು ಹಾಕಿಸಿ, ಸ್ವಂತ ಪ್ರಯತ್ನದಿಂದ ಮಾರತಕ್ಕವರು. ತಮ್ಮೆದುರು ನಿಂತು ಮಾತನಾಡಲು ನಮಗಿರುವ ಅಧಿಕಾರವು ಬಹಳ ಸ್ವಲ್ಪ. ನಾವು ವೃತ್ತಿಯಿಂದ ವಕೀಲರು; ಕಥೆ ಬರೆದವರಲ್ಲ, ಓದಿದವರು. ಆದರೆ ತಮ್ಮ ವ್ಯವಹಾರದಲ್ಲಿ ವಾಚಕನೂ ಒಬ್ಬ ಕಕ್ಷಿಗಾರನೇ. ಸಭೆಗಳಲ್ಲಿ ಅವನ ಹೆಸರನ್ನು ಎಲ್ಲರೂ ಎತ್ತುತ್ತಾರೆ; ಅವನ ಪರವಾಗಿ ವಾದಿಸುವವರು ಮಾತ್ರ ಅಪರೂಪ. ಆ ಕೆಲಸವನ್ನು ಈ ಹೊತ್ತು ನಾವು ಕೈಗೆತ್ತಿಕೊಂಡಿದ್ದೇವೆ.

ಇಲ್ಲಿ ಮೂರು ಪ್ರಶ್ನೆಗಳು ಎದ್ದಿವೆ. ನಮ್ಮನ್ನು ಓದುವವರು ಯಾರು? ಪುಸ್ತಕ ಹೊರಟಿರುವುದನ್ನು ಅವರಿಗೆ ತಿಳಿಸುವುದು ಹೇಗೆ? ಹೊಟ್ಟೆಪಾಡಿನ ನಡುವೆ ಬರೆಯುವುದು ಯಾವಾಗ? ಇವುಗಳಲ್ಲಿ ಮೊದಲನೆಯದೇ ಮೂಲವಾದುದು. ಅದಕ್ಕೆ ಉತ್ತರ ದೊರೆತರೆ ಉಳಿದೆರಡಕ್ಕೆ ಅರ್ಧ ಉತ್ತರ ದೊರೆತಂತೆಯೇ.

ಪೂರ್ವದಲ್ಲಿ ಈ ಕಷ್ಟವನ್ನು ಎದುರಿಸಿದವರು ಇಲ್ಲದಿಲ್ಲ. ಹಾವೇರಿ ಸೀಮೆಯ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು ಕನ್ನಡಿಗರು ‘ಗಳಗನಾಥ’ರೆಂದೇ ಬಲ್ಲರು. ಅವರು ಶಾಲಾ ಮಾಸ್ತರರಾಗಿದ್ದರು. ಅಂದಿನ ಮುಂಬಯಿ ಕರ್ನಾಟಕದಲ್ಲಿ ಓದು ಬಲ್ಲ ಕನ್ನಡಿಗನು ಮರಾಠಿ ಕಾದಂಬರಿಯನ್ನು ಕೈಯಲ್ಲಿ ಹಿಡಿಯುತ್ತಿದ್ದನು; ಕನ್ನಡದಲ್ಲಿ ಓದತಕ್ಕದ್ದೇನಿದೆ ಎಂದು ಕೇಳುತ್ತಿದ್ದನು. ಗಳಗನಾಥರು ಆ ವಾಚಕನನ್ನು ಜರಿಯಲಿಲ್ಲ. ಅವನು ಮೆಚ್ಚಿದ್ದ ಹರಿ ನಾರಾಯಣ ಆಪಟೆಯವರ ಕಥೆಗಳನ್ನೇ ಕನ್ನಡಕ್ಕೆ ತಂದರು. ಬಳಿಕ ‘ಮಾಧವ ಕರುಣಾವಿಲಾಸ’ದಂಥ ವಿಜಯನಗರದ ಕಥೆಯನ್ನು ತಾವೇ ಕಟ್ಟಿಕೊಟ್ಟರು. ಪುಸ್ತಕದ ಹೊರೆಯನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. 1942ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಮರಾಠಿಯ ವಾಚಕರ ಒಂದು ಪೀಳಿಗೆಯೇ ಕನ್ನಡಕ್ಕೆ ಮರಳಿತ್ತು. ಅವರನ್ನು ಕನ್ನಡ ಕಾದಂಬರಿಯ ಪಿತಾಮಹರೆನ್ನುವುದು ಬರೆದುದಕ್ಕಾಗಿ ಎಷ್ಟೋ, ವಾಚಕನ ಮನೆಯ ಬಾಗಿಲಿಗೆ ಹೋದುದಕ್ಕಾಗಿಯೂ ಅಷ್ಟೇ.

ಇನ್ನೊಂದು ದೃಷ್ಟಾಂತವು ಇಲ್ಲಿಗೆ ಸಮೀಪದ್ದು. ನಂಜನಗೂಡಿನ ತಿರುಮಲಾಂಬಾ ಅವರು 1887ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ವೈಧವ್ಯಕ್ಕೆ ಗುರಿಯಾದರು. ಮನೆಯ ಹೊಸ್ತಿಲು ದಾಟುವುದೇ ದುಸ್ತರವಾಗಿದ್ದ ಆ ಕಾಲದಲ್ಲಿ ಕಾದಂಬರಿ ಬರೆದರು. ‘ಸತೀ ಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಸ್ವತಃ ಸ್ಥಾಪಿಸಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಅವರ ವಾಚಕರು ಯಾರೆಂಬುದು ಆ ಮಾಲೆಯ ಹೆಸರಿನಲ್ಲಿಯೇ ಇತ್ತು. ಅಕ್ಷರ ಕಲಿತೂ ಓದಲೇನೂ ಇಲ್ಲದೆ ಕುಳಿತಿದ್ದ ಗೃಹಿಣಿಯರಿಗಾಗಿ ಅವರು ಬರೆದರು. ಆದರೆ ಮುಂದೆ ಅವರ ಲೇಖನಿ ನಿಂತುಹೋಯಿತು. ಮದರಾಸಿನಲ್ಲಿ ಬಹುಕಾಲ ಅಜ್ಞಾತರಂತೆ ಬಾಳಿ 1982ರಲ್ಲಿ ತೀರಿಕೊಂಡರು. ಹಾದಿ ತೋರಿದವರನ್ನು ನಾಡು ಹೀಗೆ ಮರೆಯಬಹುದೆಂಬುದನ್ನು ತಾವು ಮರೆಯಬಾರದು.

ಇನ್ನು ಇಂದಿನ ಮಾತು. ತಮ್ಮ ವಾಚಕರು ಯಾರು? ಬಿಡುಗಡೆಯ ಸಮಾರಂಭಕ್ಕೆ ಬಂದು ಗೌರವಪ್ರತಿ ಪಡೆದು ಹೋಗುವವರಲ್ಲಿ ಬಹುಮಂದಿ ತಾವೂ ಬರೆಯತಕ್ಕವರೇ. ಇವರ ಪುಸ್ತಕಕ್ಕೆ ಅವರು ಮುನ್ನುಡಿ, ಅವರ ಪುಸ್ತಕಕ್ಕೆ ಇವರು ವಿಮರ್ಶೆ. ಇದು ಮುಯ್ಯಿಗೆ ಮುಯ್ಯಿ. ಇದರಿಂದ ವಾಚಕವರ್ಗ ಬೆಳೆಯದು. ಈ ಹೂಟಗಳ್ಳಿಯನ್ನೇ ನೋಡಬಾರದೇಕೆ? ಒಂದು ಕಾಲಕ್ಕೆ ಬೇಸಾಯದ ಹಳ್ಳಿಯಾಗಿದ್ದುದು ಈಗ ಮೈಸೂರಿನ ಕೈಗಾರಿಕಾ ಪ್ರದೇಶವಾಗಿದೆ. ಹಗಲು ಪಾಳಿ, ರಾತ್ರಿ ಪಾಳಿಗಳಲ್ಲಿ ದುಡಿಯುವ ಜನ ನಾಡಿನ ಎಲ್ಲ ಕಡೆಗಳಿಂದಲೂ ಬಂದು ಈ ಬಡಾವಣೆಗಳಲ್ಲಿ ಬಾಡಿಗೆಗಿದ್ದಾರೆ. ಅವರಿಗೆ ಓದು ಬರುತ್ತದೆ. ಕೈಯಲ್ಲಿ ಮೊಬೈಲ್ ಫೋನಿದೆ. ಮನಸ್ಸಿನಲ್ಲಿ ಬಿಟ್ಟುಬಂದ ಊರಿದೆ. ಅವರ ಸಾಲ, ಅವರ ಮದುವೆ, ಮಾರಿದ ಹೊಲದ ನೆನಪು ಇವೆಲ್ಲ ಕಥೆಯ ವಸ್ತುಗಳೇ. ಇವರಲ್ಲಿ ಎಷ್ಟು ಮಂದಿಗೆ ತಾವು ಪುಸ್ತಕ ತೋರಿಸಿದ್ದೀರಿ? ಕೊಳ್ಳುವವರಿಲ್ಲವೆಂದು ದೂರುವ ಮೊದಲು, ಕೇಳಿದ್ದೇವೆಯೇ ಎಂದು ವಿಚಾರಿಸಿಕೊಳ್ಳುವುದು ನ್ಯಾಯ.

ಎರಡನೆಯ ಪ್ರಶ್ನೆ ಪ್ರಚಾರದ್ದು. ಸ್ವಂತ ಪುಸ್ತಕವನ್ನು ಮಾರುವುದು ಅಗೌರವವೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬೇರುಬಿಟ್ಟಿದೆ. ನೆಯ್ದವನು ಸೀರೆಯನ್ನು ಸಂತೆಗೆ ಒಯ್ಯುವುದರಲ್ಲಿ ನಾಚಿಕೆಯಿಲ್ಲ. ಬರೆದವನಿಗೆ ಮಾತ್ರ ಏಕಿರಬೇಕು? ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನಿಟ್ಟು ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿದರು. ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳು ಗೆಳೆಯರ ನೆರವಿನಿಂದ ನಡೆದ ಮೈಸೂರಿನ ‘ಪುಸ್ತಕ ಪ್ರಕಾಶನ’ದಿಂದ ಹೊರಬಂದುವು. ನಮ್ಮ ಕಾಲದಲ್ಲಿ ವಸುಧೇಂದ್ರರು ‘ಛಂದ ಪುಸ್ತಕ’ವನ್ನು ಕಟ್ಟಿ, ತಮ್ಮ ಕೃತಿಗಳೊಡನೆ ಹೊಸ ಕಥೆಗಾರರ ಮೊದಲ ಸಂಕಲನಗಳನ್ನೂ ಹೊರತಂದಿದ್ದಾರೆ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ‘ಮನೋಹರ ಗ್ರಂಥಮಾಲೆ’ಯು ಚಂದಾದಾರರನ್ನು ಕೂಡಿಸಿಕೊಂಡು, ಅವರ ಬಲದ ಮೇಲೆ ಪುಸ್ತಕ ಹೊರಡಿಸಿತು. ವಾಚಕನು ಮೊದಲು, ಅಚ್ಚು ಆಮೇಲೆ. ಅದರ ಗುಟ್ಟು ಇಷ್ಟೇ.

ಲೆಕ್ಕವನ್ನು ಒಮ್ಮೆ ಕಾಗದದ ಮೇಲಿಟ್ಟು ನೋಡೋಣ. ಉದಾಹರಣೆಗೆ, 500 ಪ್ರತಿಗಳಿಗೆ ಪ್ರತಿಯೊಂದಕ್ಕೆ 80 ರೂಪಾಯಿಯಂತೆ 40,000 ರೂಪಾಯಿ ಖರ್ಚಾಯಿತೆನ್ನಿರಿ. ಬೆಲೆ 200 ರೂಪಾಯಿ. ಅಂಗಡಿಗೆ ನೂರಕ್ಕೆ 40ರಂತೆ ಸೋಡಿ ಬಿಟ್ಟರೆ ತಮಗೆ ಬರುವುದು 120. ಆಗ ಅಸಲು ಕೈಸೇರಲು 334 ಪ್ರತಿಗಳು ಮಾರಬೇಕು. ಅದೇ ಪುಸ್ತಕವನ್ನು ತಾವೇ ವಾಚಕನ ಕೈಗೆ ಕೊಟ್ಟರೆ 200 ಪ್ರತಿಗಳಿಗೆ ಅಸಲು ಬಂದೀತು. ನೂರು ಗೌರವಪ್ರತಿ ಹಂಚಿದವನು ಬಿಟ್ಟುಕೊಟ್ಟದ್ದೆಷ್ಟೆಂಬುದನ್ನು ತಾವೇ ಎಣಿಸಿಕೊಳ್ಳಬಹುದು. ಹಾಗೆಂದು ಅಂಗಡಿ ಬೇಡವೆಂದಲ್ಲ, ಅಂಗಡಿಯೊಂದನ್ನೇ ನಂಬಬಾರದು. ಸರ್ಕಾರದ ಗ್ರಂಥಾಲಯಗಳ ಸಗಟು ಖರೀದಿಯೂ ಹಾಗೆಯೇ. ಅದರಿಂದ ಹಣ ಬಂದೀತು, ಬಡವನಿಗೆ ಓದಲು ಪುಸ್ತಕವೂ ಸಿಕ್ಕೀತು. ಆದರೆ ಆ ಆದೇಶಕ್ಕಾಗಿಯೇ ಪುಟಗಳನ್ನು ಎಣಿಸಿ ಬರೆಯುವವನು ಓದುವವನ ಮುಖವನ್ನೇ ನೋಡಲಾರನು. ಸಾಮಾಜಿಕ ಜಾಲತಾಣಗಳಲ್ಲಿ ದಿನಕ್ಕೆ ಹತ್ತು ಸಲ ಮುಖಪುಟವನ್ನು ತೋರಿಸುವುದೂ ಪ್ರಚಾರವಲ್ಲ. ಅದರ ಬದಲು ಕಥೆಯ ಮೊದಲ ನಾಲ್ಕು ಪುಟಗಳನ್ನು ಓದಗೊಡಿರಿ. ರುಚಿ ಹತ್ತಿದವನು ಉಳಿದುದನ್ನು ಕೇಳಿಯೇ ಕೇಳುತ್ತಾನೆ.

ಮೂರನೆಯದು ಬರವಣಿಗೆಯ ಅಭ್ಯಾಸ. ಬಿಡುವಿಲ್ಲವೆಂಬುದು ತಮ್ಮಲ್ಲಿ ಅನೇಕರ ದೂರು. ಬಂಕಿಮಚಂದ್ರರನ್ನು ಕನ್ನಡಿಗರಿಗೆ ಪರಿಚಯಿಸಿದ ಬಿ. ವೆಂಕಟಾಚಾರ್ಯರು ಮೈಸೂರು ಸಂಸ್ಥಾನದ ನ್ಯಾಯಾಂಗದಲ್ಲಿ ಅಧಿಕಾರಿಗಳಾಗಿದ್ದುಕೊಂಡೇ ಬಂಗಾಳಿಯನ್ನು ಕಲಿತರು. ಮಾಸ್ತಿಯವರು ಸಂಸ್ಥಾನದ ಅಧಿಕಾರವನ್ನು ಬಿಟ್ಟದ್ದು 1943ರಲ್ಲಿ. ಅವರ ಮೊದಲ ಕಥಾಸಂಕಲನವಾದರೋ 1920ರಷ್ಟು ಹಿಂದೆಯೇ ಬಂದಿತ್ತು. ಮೈಸೂರಿನ ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ, ನಲವತ್ತು ತುಂಬುವ ಮೊದಲೇ. ಸುಮಾರು ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಕೊಟ್ಟುಹೋದರು. ಲೇಖನಿಯಿಂದಲೇ ಸಂಸಾರ ನಡೆಸಹೊರಟ ಅ. ನ. ಕೃಷ್ಣರಾಯರು ನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆಯಬೇಕಾಯಿತು. ಇವರೆಲ್ಲರ ಪರಿಸ್ಥಿತಿ ಬೇರೆ ಬೇರೆ. ಆದರೆ ಪುರಸೊತ್ತು ಬರಲಿ, ಆಮೇಲೆ ಬರೆಯೋಣವೆಂದು ಕುಳಿತವರು ಇವರಲ್ಲಿ ಒಬ್ಬರೂ ಇಲ್ಲ. ಪಾಳಿ ಮುಗಿದ ಮೇಲೆ ಒಂದು ಗಂಟೆ, ದಿನಕ್ಕೊಂದು ಪುಟವೆಂದರೂ ವರ್ಷಕ್ಕೊಂದು ಕಾದಂಬರಿಯಾಯಿತು. ಬರೆದುದನ್ನು ಕೂಡಲೇ ಅಚ್ಚಿಗೆ ಕಳುಹದೆ, ಮನೆಯಲ್ಲೋ ನೆರೆಯಲ್ಲೋ ಸಾಹಿತಿಯಲ್ಲದ ಒಬ್ಬರಿಗೆ ಓದಿ ಹೇಳಿರಿ. ಅವರು ಆಕಳಿಸಿದ ಕಡೆಯಲ್ಲಿ ಗುರುತು ಹಾಕಿಕೊಳ್ಳಿರಿ. ತಿದ್ದುವುದಕ್ಕೆ ಇದಕ್ಕಿಂತ ಸುಲಭವಾದ ದಾರಿ ನಮಗೆ ತೋರದು.

ವೃತ್ತಿಯ ಸಲುಗೆಯಿಂದ ಒಂದು ಮಾತು. ನಾಳೆ ತಮ್ಮ ಕೃತಿಯನ್ನು ಪ್ರಕಾಶಕರೋ ಚಲನಚಿತ್ರದವರೋ ಕೇಳಿ ಬಂದಾರು. ಸಂತೋಷದ ಭರದಲ್ಲಿ ‘ಎಲ್ಲ ಹಕ್ಕುಗಳನ್ನೂ ಕೊಟ್ಟಿದ್ದೇನೆ’ ಎಂದು ಒಂದು ಸಾಲು ಬರೆದು ರುಜು ಹಾಕಬೇಡಿರಿ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಸಾಮಾನ್ಯವಾಗಿ ಕೃತಿಯ ಮೊದಲ ಒಡೆಯನು ಬರೆದವನೇ. ಹಕ್ಕಿನ ವರ್ಗಾವಣೆಯು ಬರಹದಲ್ಲಿರಬೇಕು. ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ಸಂಭಾವನೆಗೆ ಎಂಬುದನ್ನು ಅದರಲ್ಲಿ ಕಾಣಿಸಬೇಕು. ಅವಧಿಯನ್ನು ಹೇಳದಿದ್ದರೆ ಕಾನೂನು ಅದನ್ನು ಐದು ವರ್ಷವೆಂದೇ ಎಣಿಸುತ್ತದೆ. ಲೇಖಕನು ಗತಿಸಿದ ಮೇಲೆಯೂ 60 ವರ್ಷಗಳವರೆಗೆ ಈ ಸ್ವತ್ತು ಅವನ ವಾರಸುದಾರರದು. ಹೊಲಗದ್ದೆಯ ಪತ್ರವನ್ನು ಎರಡು ಸಲ ಓದಿಸಿ ರುಜು ಹಾಕುವ ಜನ ನಾವು. ಕಾದಂಬರಿಯ ಪತ್ರಕ್ಕೂ ಅಷ್ಟೇ ಎಚ್ಚರ ಬೇಕು.

ಕೊನೆಯದಾಗಿ, ತಮ್ಮ ವಾಚಕನು ಹೂಟಗಳ್ಳಿಯಲ್ಲಿಯೂ ಮೈಸೂರಿನಲ್ಲಿಯೂ ಮಾತ್ರ ಇಲ್ಲ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಆದರೆ ಕಾಸರಗೋಡು, ಅಕ್ಕಲಕೋಟೆ, ಜತ್ತ ಮೊದಲಾದ ಕಡೆಗಳ ಕನ್ನಡಿಗರು ಗಡಿಯ ಆಚೆಗೇ ಉಳಿದರು. ಅಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ, ಕನ್ನಡ ಮಾಸ್ತರರಿದ್ದಾರೆ, ಕನ್ನಡ ಓದುವ ಮಕ್ಕಳಿದ್ದಾರೆ. ಆ ಶಾಲೆಯ ಹುಡುಗನಿಗೆ ಪಠ್ಯಪುಸ್ತಕವಲ್ಲದೆ ಬೇರೊಂದು ಕನ್ನಡ ಪುಸ್ತಕ ಕೈಗೆ ಸಿಗದಿದ್ದರೆ ಅವನು ಯಾವ ಭಾಷೆಯ ವಾಚಕನಾದಾನು? ಗಳಗನಾಥರು ಕಂಡ ಸಂಕಟವೇ ಅಲ್ಲಿ ಇನ್ನೂ ನಡೆದಿದೆ. ರಾಜ್ಯದ ಗಡಿಯನ್ನು ಸರಿಸುವುದು ಕಥೆಗಾರನ ಕೈಯಲ್ಲಿಲ್ಲ. ಪುಸ್ತಕವನ್ನು ಗಡಿ ದಾಟಿಸುವುದು ಇದೆ. ಮಾರಾಟವಾಗದೆ ಮಂಚದ ಕೆಳಗಿರುವ ಕಟ್ಟುಗಳಿಂದ ಹತ್ತು ಹತ್ತು ಪ್ರತಿಗಳನ್ನು ತೆಗೆದು, ತಾವೆಲ್ಲರೂ ಕೂಡಿ ಒಂದು ಪೆಟ್ಟಿಗೆ ಮಾಡಿ ಅಲ್ಲಿಯ ಒಂದೊಂದು ಶಾಲೆಗೆ ಕಳುಹಿದರೆ, ಗೌರವಪ್ರತಿಯೆಂಬ ಮಾತಿಗೆ ನಿಜವಾದ ಅರ್ಥ ಬಂದೀತು. ಈ ಸಭೆ ಮುಗಿಯುವ ಮೊದಲೇ ಅದಕ್ಕೊಂದು ಪಟ್ಟಿಯನ್ನು ಬರೆಯಲು ಆರಂಭಿಸಬೇಕೆಂದು ಅಧ್ಯಕ್ಷರಲ್ಲಿ ವಿಜ್ಞಾಪಿಸುತ್ತೇವೆ. ಅಂಚೆಯ ವೆಚ್ಚದಲ್ಲಿ ನಮ್ಮ ಪಾಲನ್ನು ಮೊದಲು ಬರೆದುಕೊಳ್ಳಬಹುದು.