ಮನೆಯೂಟ ಮತ್ತು ಮೈತೂಕ



ಬಿಸಿಬೇಳೆಭಾತ್ ಬಿಡಿ ಎಂದು ಹೇಳಲು ನಾನು ನಿಂತಿಲ್ಲ. ಹೇಳಿದರೂ ನೀವು ಕೇಳುವವರಲ್ಲ! ಊರಿನಲ್ಲಿ ಮುದ್ದೆ ಉಂಡವರು ಹೊಲಕ್ಕೆ ಹೋಗುತ್ತಿದ್ದರು. ಮಸ್ಕತ್ತಿನ ಬಿಸಿಲಿಗೆ ಹೆದರಿ ನಾವು ಎ.ಸಿ. ಮನೆಯಿಂದ ಎ.ಸಿ. ಕಾರಿಗೆ ಹೋಗುತ್ತೇವೆ, ಊಟದ ಅಳತೆ ಮಾತ್ರ ಅದೇ. ನಮ್ಮ ಜನಕ್ಕೆ ಹೊಟ್ಟೆಯ ಬೊಜ್ಜೇ ಸಕ್ಕರೆ ಕಾಯಿಲೆಗೆ ಹೆದ್ದಾರಿ. ಗಂಡಸರ ಸೊಂಟ 90, ಹೆಂಗಸರದು 80 ಸೆಂ.ಮೀ. ದಾಟಬಾರದು.

ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿ, ತುಪ್ಪದಲ್ಲಿ 9. ತುಪ್ಪ ಬಿಡಬೇಡಿ, ಚಮಚದಲ್ಲಿ ಅಳೆದು ಹಾಕಿ. ಅನ್ನ ಅರ್ಧಕ್ಕಿಳಿಸಿ, ಕೋಸಂಬರಿ, ಸೊಪ್ಪಿನ ಪಲ್ಯ, ಹುರುಳಿ ಸಾರು ಹೆಚ್ಚಿಸಿ. ಒಮಾನಿಗಳ ಮನೆಯಲ್ಲಿ ಕಾವಾ ಬಟ್ಟಲು ಅಲ್ಲಾಡಿಸಿದರೆ ಮತ್ತೆ ಸುರಿಯುವುದಿಲ್ಲ. ನಮ್ಮಲ್ಲಿ ಎಲೆಗೆ ಕೈ ಅಡ್ಡ ಹಿಡಿದರೂ ಹೋಳಿಗೆ ಬೀಳುತ್ತದೆ. ಬಡಿಸುವ ತಾಯಂದಿರೇ, ಆ ಕೈಗೆ ಸ್ವಲ್ಪ ಬೆಲೆ ಕೊಡಿ.